ಮಾಂಸದ ಕೋಳಿಗಳ ಹಿಂಡಿನಲ್ಲಿ ಜಗಳಗಂಟ ಎಳೆಹುಂಜಗಳನ್ನು ನಿಭಾಯಿಸುವುದು: ಸಮಗ್ರ ಮಾರ್ಗದರ್ಶಿ

ಮಾಂಸಕ್ಕಾಗಿ ಕೋಳಿ ಸಾಕುವವರಿಗೆ ಗಂಡುಮರಿಗಳು ಬೇಕಾದವು. ಅದೇ ವಯಸ್ಸಿನ ಹೆಣ್ಣುಮರಿಗಳಿಗಿಂತ ಅವು ಬೇಗ ಬೆಳೆಯುತ್ತವೆ, ಹೆಚ್ಚು ತೂಗುತ್ತವೆ. ತೊಂದರೆ ಶುರುವಾಗುವುದು ಆ ಮರಿಗಳು ಹುಂಜಗಳಾಗತೊಡಗಿದಾಗ. ಜುಟ್ಟು ಕೆಂಪೇರುತ್ತದೆ, ಒಡೆದ ದನಿಯಲ್ಲಿ ಮೊದಲ ಕೂಗು ಕೇಳಿಸುತ್ತದೆ, ಅದಾದ ಕೆಲವೇ ದಿನಗಳಲ್ಲಿ ಶೆಡ್ಡಿನೊಳಗೆ ಹಗಲಿಡೀ ಅಟ್ಟಾಟ ನಡೆಯುತ್ತದೆ. ಸೋತ ಹುಂಜಗಳು ಮೇವಿನ ಹತ್ತಿರ ಸುಳಿಯಲಾರದೆ ಸೊರಗುತ್ತವೆ, ಹೆಣ್ಣುಗಳ ಬೆನ್ನು ಬೋಳಾಗುತ್ತದೆ, ಕೊನೆಗೆ ಮೇವು ಹಾಕಲು ಹೋದವರ ಕಾಲಿಗೂ ಏಟು ಬೀಳುತ್ತದೆ.

ಇಂಥ ಹುಂಜಗಳನ್ನು ಪಳಗಿಸುವ ಉಪಾಯಗಳನ್ನು ಅನೇಕರು ಹೇಳುತ್ತಾರೆ. ಅವುಗಳಲ್ಲಿ ಕೆಲವು ಹಿತ್ತಲಿನಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುವ ಒಂದೆರಡು ಹುಂಜಗಳಿಗೆ ಸರಿ. ಮಾಂಸದ ಹಿಂಡಿನಲ್ಲಿ ಮಾತ್ರ ಲೆಕ್ಕವೇ ಬೇರೆ. ಇಲ್ಲಿ ಪ್ರತಿ ಹುಂಜಕ್ಕೂ ಒಂದು ಕೊನೆಯ ದಿನಾಂಕವಿದೆ. ಜಗಳ ತೀವ್ರವಾಗುವ ವಯಸ್ಸಿಗೂ ಆ ದಿನಾಂಕಕ್ಕೂ ನಡುವೆ ಉಳಿಯುವ ಅವಧಿಯನ್ನು ಆದಷ್ಟು ಕಿರಿದಾಗಿಸುವುದು ಮತ್ತು ಆ ಅವಧಿಯನ್ನು ಯಾವ ಹಕ್ಕಿಗೂ ಪೆಟ್ಟಾಗದಂತೆ ದಾಟಿಸುವುದು ಸಾಕುವವರ ಕೆಲಸ. ಮುಂದಿನ ಹಂತಗಳನ್ನೆಲ್ಲ ಈ ದೃಷ್ಟಿಯಿಂದಲೇ ಓದಿಕೊಳ್ಳಬೇಕು.

ಹಂತ 1: ಮರಿ ತರುವ ಮೊದಲೇ ಕೊಯ್ಯುವ ವಯಸ್ಸನ್ನು ನಿಶ್ಚಯಿಸಿ

ಜಗಳದ ಪ್ರಮಾಣ ಬಹುಮಟ್ಟಿಗೆ ತಳಿಯ ಆಯ್ಕೆಯಲ್ಲಿಯೇ ನಿರ್ಧಾರವಾಗಿರುತ್ತದೆ. ವೇಗವಾಗಿ ಬೆಳೆಯುವ ಬ್ರಾಯ್ಲರ್ ಮರಿಗಳು 6ರಿಂದ 8 ವಾರಗಳೊಳಗೆ ಕೊಯ್ಲಿಗೆ ಬರುತ್ತವೆ. ಆ ವಯಸ್ಸಿನಲ್ಲಿ ಅವು ದೇಹದಲ್ಲಿ ದೊಡ್ಡವಾಗಿದ್ದರೂ ಇನ್ನೂ ಮರಿಗಳೇ ಆಗಿರುವುದರಿಂದ ಗಂಡುಗಳ ಕಾಳಗ ಅಷ್ಟಾಗಿ ಕಾಣಿಸುವುದಿಲ್ಲ. ನಿಧಾನವಾಗಿ ಬೆಳೆಯುವ ಮಾಂಸದ ತಳಿಗಳನ್ನು ಸಾಮಾನ್ಯವಾಗಿ 9ರಿಂದ 12 ವಾರಗಳವರೆಗೆ ಇಟ್ಟುಕೊಳ್ಳುತ್ತಾರೆ. ಇವುಗಳಲ್ಲಿ ಕೊನೆಯ ಎರಡು ಮೂರು ವಾರಗಳಲ್ಲಿ ಗಂಡುಗಳ ಬಿಗುಮಾನ ಗೋಚರಿಸುತ್ತದೆ. ರೋಡ್ ಐಲ್ಯಾಂಡ್ ರೆಡ್, ಪ್ಲಿಮತ್ ರಾಕ್ ಮುಂತಾದ, ಮೊಟ್ಟೆ ಮತ್ತು ಮಾಂಸ ಎರಡಕ್ಕೂ ಸಲ್ಲುವ ತಳಿಗಳ ಗಂಡುಗಳು ಕೊಯ್ಯುವಷ್ಟು ಮೈತುಂಬಿಕೊಳ್ಳಲು 16ರಿಂದ 20 ವಾರ ಬೇಕು. ಅವು ಲೈಂಗಿಕವಾಗಿ ಪ್ರಬುದ್ಧವಾಗುವುದೂ ಸರಿಸುಮಾರು ಅದೇ ವಯಸ್ಸಿಗೆ. ಎಂದರೆ ಇಂಥ ತಳಿಯನ್ನು ಆಯ್ದುಕೊಂಡವರು ಒಂದೂವರೆ ಎರಡು ತಿಂಗಳ ಜಗಳವನ್ನೂ ಮರಿಯ ಜೊತೆಗೇ ಆಯ್ದುಕೊಂಡಂತೆ. ಅಸೀಲ್‌ನಂತಹ ಕಾಳಗದ ತಳಿಗಳ ರಕ್ತವಿದ್ದರಂತೂ ಗಂಡುಮರಿಗಳು ಕೆಲವೇ ವಾರಗಳ ವಯಸ್ಸಿಗೆ ನಿಜವಾದ ಕಾದಾಟಕ್ಕಿಳಿಯುತ್ತವೆ. ಅವುಗಳನ್ನು ಬೇರೆ ಮರಿಗಳೊಡನೆ ಒಂದೇ ಹಿಂಡಾಗಿ ಬೆಳೆಸುವ ಯೋಚನೆಯನ್ನು ಬಿಡುವುದೇ ಒಳ್ಳೆಯದು.

ಆದ್ದರಿಂದ ಮರಿ ತರುವ ದಿನವೇ ಕ್ಯಾಲೆಂಡರಿನಲ್ಲಿ ಮೂರು ಗುರುತುಗಳನ್ನು ಹಾಕಿಕೊಳ್ಳಿ: ಗಂಡು ಹೆಣ್ಣುಗಳನ್ನು ಬೇರ್ಪಡಿಸಬೇಕಾದ ವಾರ, ಮೊದಲ ತಂಡವನ್ನು ಕೊಯ್ಯುವ ವಾರ, ಕೊನೆಯ ತಂಡವನ್ನು ಕೊಯ್ಯುವ ವಾರ. ಕೊಯ್ಯುವ ಕೆಲಸವನ್ನು ಹೊರಗಿನವರಿಗೆ ವಹಿಸುವುದಾದರೆ ಸರದಿಯನ್ನು ಈಗಲೇ ಗೊತ್ತುಮಾಡಿಕೊಳ್ಳಬೇಕು. ಹುಂಜಗಳು ಕಾದಾಡತೊಡಗಿದ ಮೇಲೆ ದಿನಾಂಕ ಹುಡುಕಲು ಹೊರಟರೆ ಇನ್ನೂ ಮೂರು ವಾರ ಕಾಯಬೇಕಾಗಬಹುದು. ಆ ಮೂರು ವಾರಗಳಲ್ಲಿ ಅವು ತಿನ್ನುವ ಮೇವು ಹೆಚ್ಚು, ಏರುವ ತೂಕ ಕಡಿಮೆ. ವಯಸ್ಸು ಹೆಚ್ಚಿದಂತೆ ಒಂದು ಕಿಲೋ ತೂಕ ಏರಲು ಬೇಕಾಗುವ ಮೇವಿನ ಪ್ರಮಾಣ ಏರುತ್ತಲೇ ಹೋಗುತ್ತದೆ. ಹಗಲಿಡೀ ಓಡಾಡಿ ಕಾದಾಡುವ ಹುಂಜದಲ್ಲಿ ಇದು ಇನ್ನೂ ಹೆಚ್ಚು.

ಹಂತ 2: ಕಣ್ಣಿಗೆ ಬಿದ್ದದ್ದು ಯಾವ ಜಗಳ ಎಂದು ತಿಳಿದುಕೊಳ್ಳಿ

‘ಹುಂಜಗಳು ಕಾದಾಡುತ್ತಿವೆ’ ಎಂಬ ಒಂದೇ ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ನಡವಳಿಕೆಗಳು ಸೇರಿಕೊಂಡಿರುತ್ತವೆ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಫಲಿಸುವುದಿಲ್ಲ. ಅದಕ್ಕಾಗಿ ಏನನ್ನಾದರೂ ಬದಲಾಯಿಸುವ ಮೊದಲು ಬೆಳಿಗ್ಗೆ ಮೇವು ಹಾಕುವಾಗ ಒಮ್ಮೆ, ಸಂಜೆ ಹಕ್ಕಿಗಳು ಕೋಲೇರುವಾಗ ಒಮ್ಮೆ, ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಬೇಕು.

ಮೊದಲನೆಯದು ಗಂಡು ಗಂಡುಗಳ ನಡುವಿನ ಮೇಲು ಕೀಳಿನ ಇತ್ಯರ್ಥ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೊಂದು ಕ್ರಮವಿದೆಯೆಂದು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ 1922ರಲ್ಲಿ ಪ್ರಕಟಿಸಿದ ಬರಹದಲ್ಲಿ ವಿವರಿಸಿದರು. ಒಮ್ಮೆ ಈ ಕ್ರಮ ನಿಂತಿತೆಂದರೆ ಮೇಲಿನ ಹಕ್ಕಿ ದಿಟ್ಟಿಸಿ ನೋಡಿದರೂ ಸಾಕು, ಕೆಳಗಿನದು ದಾರಿ ಬಿಡುತ್ತದೆ. ಹಾಗಾಗಿ ಈ ಜಗಳ ಒಂದು ಮಟ್ಟಿಗೆ ನಡೆಯಲೇಬೇಕು. ಎರಡು ಎಳೆಹುಂಜಗಳು ಕತ್ತಿನ ಗರಿ ಕೆದರಿಕೊಂಡು ಎದುರುಬದುರಾಗಿ ನಿಂತು, ಒಂದೆರಡು ಸಲ ಎದೆಗೆದೆ ಕೊಟ್ಟು ಹಾರಿ, ಅರ್ಧ ನಿಮಿಷದೊಳಗೆ ಒಂದು ತಲೆ ತಗ್ಗಿಸಿ ಸರಿದರೆ, ಗೆದ್ದದ್ದು ಅದನ್ನು ಬೆನ್ನಟ್ಟದಿದ್ದರೆ, ಅಲ್ಲಿ ನಾವು ಕೈಹಾಕಬೇಕಾದದ್ದು ಏನೂ ಇಲ್ಲ. ನಡುವೆ ಬಿಡಿಸಿದರೆ ಇತ್ಯರ್ಥವಾಗದ ವ್ಯಾಜ್ಯ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದರೆ ಸೋತದ್ದಕ್ಕೆ ಓಡಲು ದಾರಿಯಿಲ್ಲದೆ ಮೂಲೆಗೆ ಸಿಕ್ಕಿಕೊಂಡಿದ್ದರೆ, ರಕ್ತ ಕಂಡರೆ, ಒಂದರ ಮೇಲೆ ಎರಡು ಮೂರು ಕೂಡಿ ಬಿದ್ದರೆ, ತಕ್ಷಣ ಬಿಡಿಸಬೇಕು. ಬಿಡಿಸುವುದಕ್ಕೆ ಬರಿಗೈ ಬೇಡ. ಅಗಲವಾದ ಹಲಗೆಯನ್ನೋ ಪೊರಕೆಯನ್ನೋ ನಡುವೆ ತೂರಿಸಿ ಪರಸ್ಪರ ನೋಟ ತಪ್ಪಿಸಿದರೆ ಸಾಕು.

ಎರಡನೆಯದು ಹೆಣ್ಣುಗಳ ಮೇಲಿನ ದಬ್ಬಾಳಿಕೆ. ವಯಸ್ಸಾದ ಹುಂಜ ಮೇವಿನ ಚೂರು ತೋರಿಸಿ ಕರೆಯುತ್ತದೆ, ಒಂದು ರೆಕ್ಕೆ ಇಳಿಬಿಟ್ಟು ಪಕ್ಕಕ್ಕೆ ಹೆಜ್ಜೆಯಿಟ್ಟು ಸುತ್ತು ಹಾಕುತ್ತದೆ, ಹೇಂಟೆ ಒಪ್ಪಿ ಬಗ್ಗಿದ ಮೇಲೆ ಮೆಟ್ಟುತ್ತದೆ. ಎಳೆಹುಂಜಕ್ಕೆ ಈ ಉಪಚಾರವೆಲ್ಲ ಇನ್ನೂ ಕರಗತವಾಗಿರುವುದಿಲ್ಲ. ಅಟ್ಟಿಸಿಕೊಂಡು ಹೋಗಿ ನೆತ್ತಿಯ ಗರಿ ಕಚ್ಚಿ ಹಿಡಿದು ಮೇಲೇರುತ್ತದೆ; ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಕಾದು ನಿಂತಿರುತ್ತದೆ. ಇದು ಗಂಡುಗಳ ಕಾಳಗದ ಮುಂದುವರಿಕೆ ಎಂದು ಭಾವಿಸುವುದು ತಪ್ಪು. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬ್ರಾಯ್ಲರ್ ಮರಿಗಳ ಪೋಷಕ ತಳಿಯ ಹುಂಜಗಳು ಹೇಂಟೆಗಳ ಮೇಲೆ ಹೆಚ್ಚಿನ ಆಕ್ರಮಣಶೀಲತೆ ತೋರಿಸುವುದು ಕಂಡುಬಂದಿತು. ಗಂಡುಗಳೊಡನೆ ತಣ್ಣಗಿರುವ ಹುಂಜ ಹೆಣ್ಣುಗಳಿಗೆ ಕಾಟ ಕೊಡುವುದೂ ಉಂಟು, ಇದಕ್ಕೆ ತಿರುಗುಮುರುಗಾಗಿಯೂ ಉಂಟು. ಆದಕಾರಣ ಎರಡನ್ನೂ ಬೇರೆ ಬೇರೆಯಾಗಿಯೇ ಗಮನಿಸಿ ಬರೆದಿಟ್ಟುಕೊಳ್ಳಬೇಕು.

ಮೂರನೆಯದು ಗರಿ ಕುಕ್ಕುವುದು ಮತ್ತು ಅದು ಬೆಳೆದು ಒಂದನ್ನೊಂದು ಕುಕ್ಕಿ ತಿನ್ನುವ ಚಟವಾಗುವುದು. ಇದರಲ್ಲಿ ಗರಿ ಕೆದರುವಿಕೆಯಾಗಲಿ ಎದುರುಬದುರು ನಿಲ್ಲುವುದಾಗಲಿ ಇರುವುದಿಲ್ಲ. ಕುಕ್ಕುವ ಹಕ್ಕಿ ಶಾಂತವಾಗಿಯೇ ಇನ್ನೊಂದರ ಬಾಲದ ಬುಡವನ್ನೋ ಹಿಂಭಾಗವನ್ನೋ ಕುಕ್ಕುತ್ತಿರುತ್ತದೆ. ನೆಲ ಕೆದಕಿ ಮೇವು ಹುಡುಕುವ ಪ್ರವೃತ್ತಿಗೆ ಅವಕಾಶ ಸಿಗದಿದ್ದಾಗ ಅದು ಪಕ್ಕದ ಹಕ್ಕಿಯ ಮೈಮೇಲೆ ತಿರುಗುತ್ತದೆ. ಇಕ್ಕಟ್ಟು, ಅತಿಯಾದ ಬೆಳಕು, ಅತಿಯಾದ ಸೆಕೆ, ಮೇವಿನಲ್ಲಿ ಪ್ರೋಟೀನ್, ಮೆಥಿಯೋನಿನ್ (ಪ್ರೋಟೀನಿನ ಒಂದು ಘಟಕ) ಅಥವಾ ಉಪ್ಪಿನ ಕೊರತೆ, ಇವೆಲ್ಲ ಇದನ್ನು ಕೆರಳಿಸುತ್ತವೆ. ಇಲ್ಲಿ ಯಾವುದೋ ಒಂದು ಹುಂಜವನ್ನು ತೆಗೆದುಹಾಕಿದರೆ ಪ್ರಯೋಜನವಿಲ್ಲ, ಸರಿಪಡಿಸಬೇಕಾದದ್ದು ವ್ಯವಸ್ಥೆಯನ್ನು.

ನಾಲ್ಕನೆಯದು ಮನುಷ್ಯರ ಮೇಲಿನ ದಾಳಿ. ಅದನ್ನು ಮುಂದೆ ಪ್ರತ್ಯೇಕವಾಗಿ ಹೇಳಿದೆ.

ಹಂತ 3: ಸೋತ ಹಕ್ಕಿಗೆ ಓಡಲು ಜಾಗ, ತಿನ್ನಲು ತೊಟ್ಟಿ

ಜಾಗದ ಅಳತೆಯನ್ನು ಕೊಯ್ಯುವ ವಯಸ್ಸಿನ ದೇಹಕ್ಕೆ ತಕ್ಕಂತೆ ಹಾಕಬೇಕು. ವೇಗವಾಗಿ ಬೆಳೆಯುವ ಬ್ರಾಯ್ಲರ್‌ಗಳಿಗೆ ತಲಾ 1ರಿಂದ 1.5 ಚದರ ಅಡಿ ಸಾಕಾದರೂ, ಮೂರು ತಿಂಗಳು ದಾಟುವ ಎಳೆಹುಂಜಗಳಿಗೆ ಶೆಡ್ಡಿನೊಳಗೆ ತಲಾ 3ರಿಂದ 4 ಚದರ ಅಡಿ, ಹೊರಗಿನ ಬಯಲಿನಲ್ಲಿ ತಲಾ 10 ಚದರ ಅಡಿಯಷ್ಟಾದರೂ ಇರಲಿ. ಆದರೆ ವಿಸ್ತಾರದಷ್ಟೇ ಮುಖ್ಯವಾದದ್ದು ಆ ಜಾಗದ ರೂಪ. ನಾಲ್ಕು ಗೋಡೆಗಳ ಬಟಾಬಯಲು ಎಷ್ಟೇ ದೊಡ್ಡದಿದ್ದರೂ ಸೋತ ಹುಂಜ ಎಲ್ಲಿಂದಲೂ ಕಾಣಿಸುತ್ತದೆ, ಕಾಣಿಸುವವರೆಗೆ ಅಟ್ಟಾಟ ನಿಲ್ಲುವುದಿಲ್ಲ. ಹುಲ್ಲಿನ ಕಟ್ಟುಗಳು, ಓರೆಯಾಗಿ ಆನಿಸಿದ ಹಲಗೆಗಳು, ಅಲ್ಲಲ್ಲಿ ನಿಲ್ಲಿಸಿದ ಅಡ್ಡತಡಿಕೆಗಳು ನೋಟವನ್ನು ಮರೆಮಾಡುತ್ತವೆ. ಪ್ರತಿ ಮರೆಗೂ ಎರಡು ಕಡೆಯಿಂದ ದಾರಿ ಇರಬೇಕು. ಒಂದೇ ಬಾಯಿಯ ಮರೆ ಬೋನಾಗುತ್ತದೆ. ಬೇರೆ ಬೇರೆ ಎತ್ತರದ ಕೂರುವ ಕೋಲುಗಳಿದ್ದರೆ ಹಗುರ ಮೈಯ ತಳಿಗಳಲ್ಲಿ ಸೋತವು ಮೇಲೇರಿ ತಪ್ಪಿಸಿಕೊಳ್ಳುತ್ತವೆ, ಭಾರದ ಬ್ರಾಯ್ಲರ್‌ಗಳಿಗೆ ಮಾತ್ರ ಕೋಲು ತಗ್ಗಿನಲ್ಲಿರಲಿ.

ಮೇವಿನ ತೊಟ್ಟಿ ಮತ್ತು ನೀರಿನ ಡ್ರಿಂಕರುಗಳ ವಿಷಯದಲ್ಲಿ ಒಂದೇ ನಿಯಮ: ಒಂದು ಹುಂಜ ನಿಂತ ಜಾಗದಿಂದಲೇ ಎಲ್ಲವನ್ನೂ ಕಾಯುವಂತಿರಬಾರದು. ದೊಡ್ಡ ತೊಟ್ಟಿ ಒಂದರ ಬದಲು ಸಣ್ಣವು ಮೂರನ್ನು, ಒಂದರಿಂದ ಇನ್ನೊಂದು ಕಾಣದಷ್ಟು ದೂರದಲ್ಲಿಡಿ. ಪ್ರತಿ ಹಕ್ಕಿಗೆ ತೊಟ್ಟಿಯ ಅಂಚಿನಲ್ಲಿ 8ರಿಂದ 10 ಸೆಂಟಿಮೀಟರ್ ಸಿಕ್ಕಲಿ. ಕೆಳಗಿನ ಹಕ್ಕಿಗಳಿಗೆ ಮೇವು ದಕ್ಕುತ್ತಿದೆಯೇ ಎಂದು ತಿಳಿಯಲು ಸುಲಭವಾದ ದಾರಿ, ರಾತ್ರಿ ಅವು ಕೂತ ಮೇಲೆ ಕತ್ತಿನ ಬುಡದ ಮೇವುಚೀಲವನ್ನು ಮುಟ್ಟಿ ನೋಡುವುದು. ದಿನವಿಡೀ ತಿಂದ ಹಕ್ಕಿಯ ಚೀಲ ತುಂಬಿ ಉಬ್ಬಿರುತ್ತದೆ. ಸಂಜೆಯ ಹೊತ್ತಿಗೂ ಅದು ಖಾಲಿಯಿದ್ದರೆ ಆ ಹಕ್ಕಿಯನ್ನು ಯಾರೋ ತಿನ್ನಗೊಡುತ್ತಿಲ್ಲ, ಅಥವಾ ಅದಕ್ಕೆ ಕಾಯಿಲೆ. ಎರಡರಲ್ಲಿ ಯಾವುದಾದರೂ ಅದನ್ನು ಬೇರೆ ಇಡಬೇಕಾದದ್ದೇ.

ಮೇವಿನ ಪ್ರೋಟೀನ್ ಮೊದಲ ವಾರಗಳಲ್ಲಿ ಶೇಕಡಾ 20ರಿಂದ 23, ಬೆಳೆಯುವ ಹಂತದಲ್ಲಿ ಶೇಕಡಾ 18ರಿಂದ 20 ಇರುವುದು ವಾಡಿಕೆ. ಖರ್ಚು ಉಳಿಸಲೆಂದು ಸಿದ್ಧಮೇವಿಗೆ ಧಾರಾಳವಾಗಿ ಧಾನ್ಯ ಬೆರೆಸಿದರೆ ಪ್ರೋಟೀನ್, ಉಪ್ಪು ಎರಡೂ ತೆಳುವಾಗುತ್ತವೆ, ಗರಿ ಕುಕ್ಕುವ ಚಟಕ್ಕೆ ಇದೇ ನೆಲೆಯಾಗುತ್ತದೆ.

ಬೆಳಕಿನ ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಹಗಲು ಉದ್ದವಾಗುತ್ತ ಹೋದಂತೆ ಕೋಳಿಗಳ ದೇಹ ಅದನ್ನು ಸಂತಾನದ ಕಾಲವೆಂದು ಗ್ರಹಿಸುತ್ತದೆ, ಹುಂಜಗಳು ಬೇಗ ಪ್ರಬುದ್ಧವಾಗುತ್ತವೆ. ಹೆಚ್ಚು ತಿನ್ನಲಿ ಎಂಬ ಆಸೆಯಿಂದ ಸಂಜೆ ಹೊತ್ತು ದೀಪ ಉರಿಸಿಡುವವರು ನಿಧಾನ ಬೆಳವಣಿಗೆಯ ತಳಿಗಳಲ್ಲಿ ಜಗಳವನ್ನು ತಾವೇ ಹಿಂದಿನ ವಾರಗಳಿಗೆ ಎಳೆದುಕೊಳ್ಳುತ್ತಾರೆ. ಮರಿಗಳಿಗೆ ದೀಪದ ಕಾವು ಕೊಡುವ ಅವಧಿ ಮುಗಿದ ಮೇಲೆ ಎಳೆಹುಂಜಗಳಿಗೆ ಕೃತಕ ಬೆಳಕು ಬೇಕಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಸಾಕುವವರು ಬೆಳಕಿನ ತೀವ್ರತೆಯನ್ನು 5 ಲಕ್ಸ್ ಆಸುಪಾಸಿಗೆ ಇಳಿಸಿದರೆ ಓಡಾಟ, ಕುಕ್ಕಾಟ ಎರಡೂ ತಗ್ಗುತ್ತವೆ. ಆದರೆ ಅಷ್ಟು ಮಬ್ಬಿನಲ್ಲಿ ಹಕ್ಕಿಗಳ ಚಲನೆಯೂ ಕುಗ್ಗುವುದರಿಂದ ನಾನು ಅದನ್ನು ಕುಕ್ಕಾಟ ಕೈಮೀರಿದ ದಿನಗಳಿಗಷ್ಟೇ ಮೀಸಲಿಡಬೇಕೆನ್ನುತ್ತೇನೆ.

ಹಂತ 4: ಗಂಡುಗಳನ್ನು ಒಟ್ಟಿಗೆ, ಹೆಣ್ಣುಗಳ ಕಣ್ಣಿಗೆ ಬೀಳದಂತೆ ಬೇರೆ ಇಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಪಾಲಿಸುವಷ್ಟು ವ್ಯವಧಾನವಿರುವವರು ಇದನ್ನು ಪಾಲಿಸಲಿ. ಹತ್ತು ಹದಿನೈದು ಎಳೆಹುಂಜಗಳು ಹೆಣ್ಣುಗಳಿಲ್ಲದ ಆವರಣದಲ್ಲಿ ಒಟ್ಟಿಗೆ ಬೆಳೆದರೆ ಆಶ್ಚರ್ಯವೆನಿಸುವಷ್ಟು ಶಾಂತವಾಗಿರುತ್ತವೆ. ಅವುಗಳಲ್ಲಿ ಕೂಗಾಟ, ಸಣ್ಣಪುಟ್ಟ ಹಾರಾಟ ಇದ್ದೇ ಇರುತ್ತದೆ, ಆದರೆ ಪೈಪೋಟಿಗೆ ಮುಖ್ಯ ಕಾರಣವೇ ಎದುರಿಗಿಲ್ಲದ್ದರಿಂದ ಅದು ಕಾಳಗದವರೆಗೆ ಬೆಳೆಯುವುದು ಕಡಿಮೆ. ವಯಸ್ಕ ಹಿಂಡಿನಲ್ಲಿ 8ರಿಂದ 12 ಹೇಂಟೆಗಳಿಗೆ ಒಂದು ಹುಂಜ ಎಂಬುದು ರೂಢಿಯ ಲೆಕ್ಕ; ಗಂಡು ಹೆಣ್ಣು ಬೆರಕೆಯಾಗಿ ತಂದ ಮರಿಗಳ ಹಿಂಡಿನಲ್ಲಿ ಈ ಪ್ರಮಾಣ ಒಂದಕ್ಕೊಂದರ ಹತ್ತಿರ ಇರುತ್ತದೆ ಎಂಬುದನ್ನು ನೆನೆದರೆ ಬೇರ್ಪಡಿಸುವುದು ಏಕೆ ಅನಿವಾರ್ಯವೆಂದು ತಿಳಿಯುತ್ತದೆ.

ನಿಧಾನವಾಗಿ ಬೆಳೆಯುವ ತಳಿಗಳಲ್ಲಿ 8ರಿಂದ 10 ವಾರದ ಹೊತ್ತಿಗೆ ಗಂಡುಗಳು ಸ್ಪಷ್ಟವಾಗಿ ಗುರುತಿಗೆ ಸಿಗುತ್ತವೆ: ಜುಟ್ಟು ದೊಡ್ಡದಾಗಿ ಕೆಂಪಾಗಿರುತ್ತದೆ, ಕಾಲು ದಪ್ಪವಾಗಿರುತ್ತದೆ, ಮುಂದಿನ ವಾರಗಳಲ್ಲಿ ಕತ್ತು ಹಾಗೂ ಸೊಂಟದ ಮೇಲೆ ಚೂಪು ತುದಿಯ ಉದ್ದ ಗರಿಗಳು ಮೂಡುತ್ತವೆ. ಯಾವುದೇ ಗಂಡು ರೆಕ್ಕೆ ಇಳಿಬಿಟ್ಟು ಸುತ್ತು ಹಾಕಿದ್ದು ಮೊದಲ ಬಾರಿ ಕಂಡಾಗ, ವಾರದ ಲೆಕ್ಕ ಏನೇ ಇರಲಿ, ಬೇರ್ಪಡಿಸುವ ದಿನ ಬಂತೆಂದು ತಿಳಿಯಿರಿ.

ಬೇರ್ಪಡಿಸುವ ಕ್ರಮ ಹೀಗಿರಲಿ. ಗಂಡುಗಳ ಆವರಣ ಯಾವ ಹುಂಜಕ್ಕೂ ಪರಿಚಯವಿಲ್ಲದ ಹೊಸ ಜಾಗವಾಗಿದ್ದರೆ ಉತ್ತಮ, ಆಗ ಯಾವುದಕ್ಕೂ ತನ್ನ ನೆಲವೆಂಬ ಬಿಗುಮಾನ ಇರುವುದಿಲ್ಲ. ಎಲ್ಲ ಗಂಡುಗಳನ್ನೂ ಒಂದೇ ರಾತ್ರಿ, ಕತ್ತಲಾದ ಮೇಲೆ, ಮಂದ ಬೆಳಕಿನಲ್ಲಿ ಹಿಡಿದು ಒಟ್ಟಿಗೆ ಸಾಗಿಸಿ. ಬೆಳಗಾಗುವ ಮೊದಲೇ ಮೇವು ನೀರು ಸಿದ್ಧವಿರಲಿ. ಹೊಸ ಜಾಗದಲ್ಲಿ ಎಚ್ಚರವಾದ ಹಕ್ಕಿಗಳಿಗೆ ಮೊದಲು ಕಾಣಬೇಕಾದದ್ದು ಮೇವು. ಆವರಣದ ಜಾಲರಿಯ ಕೆಳಭಾಗವನ್ನು ಎರಡು ಅಡಿ ಎತ್ತರಕ್ಕೆ ತಗಡು ಅಥವಾ ಹಲಗೆಯಿಂದ ಮುಚ್ಚಬೇಕು. ಇಲ್ಲದಿದ್ದರೆ ಹೊರಗಿನ ಹುಂಜದೊಡನೆ ಜಾಲರಿಯ ಮೂಲಕವೇ ಕಾದಾಡಿ ಜುಟ್ಟು ಹರಿದುಕೊಳ್ಳುತ್ತವೆ.

ಹೀಗೆ ನೆಲೆಗೊಂಡ ಗುಂಪಿಗೆ ಮುಂದೆ ಒಂಟಿ ಹುಂಜವನ್ನು ಸೇರಿಸಲೇಬಾರದು. ಚಿಕಿತ್ಸೆಗೆಂದು ಹೊರತೆಗೆದ ಹುಂಜವನ್ನು ಕೆಲವು ವಾರಗಳ ನಂತರ ಮರಳಿ ಬಿಟ್ಟರೆ ಉಳಿದವು ಅದನ್ನು ಹೊಸಬನೆಂದೇ ಎಣಿಸಿ ಮೇಲೆ ಬೀಳುತ್ತವೆ. ಬಹಳ ದಿನ ಹೊರಗಿದ್ದದ್ದು ಕೊಯ್ಯುವವರೆಗೂ ಹೊರಗೇ ಇರಲಿ. ಒಂಟಿತನವೆನಿಸಿದರೆ ಸೋತು ಹೊರಬಿದ್ದ ಇನ್ನೊಂದನ್ನು ಅದರ ಜೊತೆಗಿಡಬಹುದು, ಸೋತ ಎರಡು ಹುಂಜಗಳು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಬೇರ್ಪಡಿಸಲು ಜಾಗವೇ ಇಲ್ಲದವರು ಹೆಣ್ಣುಮರಿಗಳನ್ನಷ್ಟೇ ತರುವುದು, ಅಥವಾ ಬೇಗ ಕೊಯ್ಲಿಗೆ ಬರುವ ತಳಿಗೆ ಬದಲಾಗುವುದು ಲೇಸು.

ಹಂತ 5: ಕಾಟ ಕೊಡುವ ಹುಂಜವನ್ನು ಗುರುತು ಹಾಕಿ

ಇಪ್ಪತ್ತು ಹುಂಜಗಳ ಗುಂಪಿನಲ್ಲಿಯೂ ನಿಜವಾದ ಪುಂಡರು ಒಂದೆರಡೇ ಇರುತ್ತಾರೆ. ನೆನಪನ್ನು ನಂಬದೆ ಕಾಲಿಗೆ ಬಣ್ಣದ ಬಳೆ ಹಾಕಿ. ಎಳೆಹುಂಜದ ಕಾಲು ಬೇಗ ದಪ್ಪವಾಗುವುದರಿಂದ ವಾರಕ್ಕೊಮ್ಮೆ ಬಳೆ ಬಿಗಿಯಾಗಿದೆಯೇ ಎಂದು ನೋಡಬೇಕು. ಯಾವುದು ಯಜಮಾನ ಎಂದು ತಿಳಿಯಲು ಬೆಳಕು ಹರಿಯುವ ಮುನ್ನ ಶೆಡ್ಡಿನ ಹೊರಗೆ ನಿಂತು ಕೇಳುವುದು ಒಂದು ದಾರಿ. ಒಂದೇ ಗುಂಪಿನಲ್ಲಿ ಅತಿ ಮೇಲಿನ ಹುಂಜ ಮೊದಲು ಕೂಗುತ್ತದೆ, ಉಳಿದವು ತಮ್ಮ ತಮ್ಮ ಸ್ಥಾನದ ಕ್ರಮದಲ್ಲಿ ಅನಂತರ ಕೂಗುತ್ತವೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಆ ಮೊದಲನೆಯದನ್ನು ತೆಗೆದರೆ ಎರಡನೆಯದು ಮೊದಲು ಕೂಗತೊಡಗುತ್ತದೆ.

ಆದರೆ ಯಜಮಾನನೇ ಪುಂಡನೆಂದು ತಿಳಿಯಬೇಡಿ. ಗಟ್ಟಿಯಾಗಿ ನೆಲೆಗೊಂಡ ಯಜಮಾನ ಅನೇಕ ವೇಳೆ ಬೇರೆಯವರ ಜಗಳವನ್ನು ತಾನೇ ನಿಲ್ಲಿಸುತ್ತದೆ. ಕಾಟ ಕೊಡುವುದು ಬಹುಪಾಲು ಎರಡನೆಯ ಮೂರನೆಯ ಸ್ಥಾನದ ಹುಂಜಗಳು. ಶಾಂತಿ ಬರಲೆಂದು ಯಜಮಾನನನ್ನು ಮೊದಲು ಕೊಯ್ದರೆ ಮರುದಿನವೇ ಖಾಲಿಯಾದ ಸ್ಥಾನಕ್ಕಾಗಿ ಹೊಸ ಕಾಳಗ ಶುರುವಾದೀತು. ಪುಂಡನನ್ನು ಎರಡು ಮೂರು ದಿನ ಒಂಟಿಯಾಗಿಟ್ಟು ಮರಳಿ ಬಿಡುವ ಉಪಾಯ ಕೊಬ್ಬಿದ ಹೇಂಟೆಗಳಿಗೆ ಫಲಿಸುವಷ್ಟು ಬೆಳೆಯುತ್ತಿರುವ ಹುಂಜಗಳಿಗೆ ಫಲಿಸುವುದಿಲ್ಲ, ಏಕೆಂದರೆ ಅವುಗಳ ಮೈಯಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಆ ಎರಡು ದಿನಗಳಲ್ಲಿಯೂ ಏರುತ್ತಲೇ ಇರುತ್ತದೆ. ಪುಂಡನ ಹೆಸರನ್ನು ಮೊದಲ ತಂಡದ ಪಟ್ಟಿಗೆ ಸೇರಿಸಿ, ಅಲ್ಲಿಯವರೆಗೆ ಬೇರೆ ಗೂಡಿನಲ್ಲಿಡುವುದು ನೇರವಾದ ದಾರಿ.

ಹಂತ 6: ಮನುಷ್ಯರ ಮೇಲೆ ಬರುವ ಹುಂಜ

ಮರಿಯಿದ್ದಾಗ ಕೈಯಲ್ಲಿ ತಿನ್ನಿಸಿ, ಮುದ್ದು ಮಾಡಿ ಬೆಳೆಸಿದ ಗಂಡು ಮುಂದೆ ಸೌಮ್ಯವಾಗಿರುತ್ತದೆ ಎಂಬ ನಂಬಿಕೆಯಿದೆ. ಎಷ್ಟೋ ಸಲ ಆಗುವುದು ಇದಕ್ಕೆ ವಿರುದ್ಧವಾಗಿಯೇ. ಮನುಷ್ಯರ ಭಯ ಅಳಿದ ಎಳೆಹುಂಜ ನಮ್ಮನ್ನೂ ಹಿಂಡಿನ ಇನ್ನೊಂದು ಗಂಡೆಂದು ಎಣಿಸಿ ಸವಾಲು ಹಾಕತೊಡಗುತ್ತದೆ. ಮಾಂಸಕ್ಕೆಂದು ಸಾಕಿದ ಗಂಡುಗಳೊಡನೆ ಸಲುಗೆ ಬೇಡ; ಮೇವು ಹಾಕಿ, ಆರೋಗ್ಯ ನೋಡಿ, ಹೊರಬನ್ನಿ.

ದಾಳಿ ಒಮ್ಮೆಲೇ ಬರುವುದಿಲ್ಲ. ಮೊದಲು ಬೂಟಿನ ಮೇಲೆ ಒಂದು ಕುಕ್ಕು, ಅನಂತರ ದಾರಿಗೆ ಅಡ್ಡ ನಿಂತು ಒಂದೇ ಕಣ್ಣಲ್ಲಿ ದಿಟ್ಟಿಸುವುದು, ಪಕ್ಕಕ್ಕೆ ಕುಣಿದಂತೆ ಹೆಜ್ಜೆಯಿಡುವುದು, ಹೊರಟಾಗ ಬೆನ್ನಹಿಂದೆ ಬರುವುದು. ಈ ಹಂತದಲ್ಲಿ ಹಿಂದೆಗೆದರೆ ಅದು ಗೆದ್ದಂತೆ, ಒದ್ದರೆ ನಾವು ಕಾಳಗಕ್ಕೆ ಒಪ್ಪಿದಂತೆ. ಇದ್ದಲ್ಲೇ ಗಟ್ಟಿಯಾಗಿ ನಿಂತು, ಅದು ದಾರಿ ಬಿಡುವವರೆಗೆ ನಿಧಾನವಾಗಿ ಅದರತ್ತಲೇ ನಡೆಯಬೇಕು. ಮತ್ತೂ ಹಾರಿದರೆ ಅಗಲ ಹಲಗೆಯನ್ನು ಗುರಾಣಿಯಂತೆ ಹಿಡಿದು ಮೂಲೆಗೆ ಒತ್ತಿ, ಎರಡೂ ರೆಕ್ಕೆಗಳು ಅದುಮಿಕೊಳ್ಳುವಂತೆ ಹಿಡಿದೆತ್ತಿ ಕಂಕುಳಲ್ಲಿ ಇಟ್ಟುಕೊಂಡು, ಅದು ಒದ್ದಾಟ ಬಿಟ್ಟ ಮೇಲೆ ಇಳಿಸಿ. ಉದ್ದ ಪ್ಯಾಂಟು, ಮೊಣಕಾಲವರೆಗಿನ ಬೂಟು ಕಡ್ಡಾಯ. ಮಕ್ಕಳ ಮುಖ ಹುಂಜ ಹಾರುವ ಎತ್ತರದಲ್ಲಿಯೇ ಇರುವುದರಿಂದ ಕಣ್ಣಿಗೆ ಅಪಾಯವಿದೆ. ಗಂಡುಗಳ ಆವರಣದೊಳಗೆ ಮಕ್ಕಳನ್ನು ಬಿಡಲೇಕೂಡದು. ಗೀರು ಬಿದ್ದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಆಳವಾದ ಗಾಯವಾದರೆ ವೈದ್ಯರಿಗೆ ತೋರಿಸಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ.

ಇಷ್ಟೆಲ್ಲ ಮಾಡಿದ ಮೇಲೂ ಮನುಷ್ಯರ ಮೇಲೆ ಹಾರುವ ಹುಂಜವನ್ನು ತಳಿಗೆಂದು ಉಳಿಸಿಕೊಳ್ಳಬಾರದು. ಎಷ್ಟೇ ದಷ್ಟಪುಷ್ಟವಾಗಿದ್ದರೂ ಸರಿ, ಈ ಸ್ವಭಾವ ಮರಿಗಳಿಗೂ ಇಳಿಯುತ್ತದೆ.

ಹಂತ 7: ಗಾಯಗೊಂಡ ಹಕ್ಕಿಯ ಆರೈಕೆ

ಕೋಳಿಗಳು ಕೆಂಪಿನತ್ತ ಕುಕ್ಕುತ್ತವೆ. ಬಿದ್ದ ಗಾಯವನ್ನು ಹಿಂಡಿನೊಳಗೇ ಬಿಟ್ಟರೆ ಸಂಜೆಯೊಳಗೆ ಅದು ಅಂಗೈಯಗಲವಾಗಬಹುದು. ಹಕ್ಕಿಯನ್ನು ಕೂಡಲೇ ಹೊರತೆಗೆದು, ಉಪ್ಪುನೀರಿನ ದ್ರಾವಣದಿಂದ ತೊಳೆದು, ತೆಳುಮಾಡಿದ ಪೊವಿಡೋನ್ ಅಯೋಡಿನ್ ಹಚ್ಚಿ, ಬೆಚ್ಚಗಿನ ಒಣ ಜಾಗದಲ್ಲಿಡಿ. ಜುಟ್ಟಿನ ಗಾಯದಲ್ಲಿ ರಕ್ತ ಹೆಚ್ಚು ಹರಿದರೂ ಬೇಗ ಮಾಯುತ್ತದೆ. ಹೆಣ್ಣುಗಳಲ್ಲಿ ಮಾತ್ರ ಕಣ್ಣಿಗೆ ಕಾಣುವ ಬೋಳು ಬೆನ್ನಿಗಿಂತ ರೆಕ್ಕೆಯಡಿಯ ಪಕ್ಕೆಯನ್ನು ಎತ್ತಿ ನೋಡುವುದು ಮುಖ್ಯ. ಮೆಟ್ಟುವಾಗ ಹುಂಜದ ಉಗುರು ಸೀಳುವುದು ಅಲ್ಲಿಯೇ, ಗರಿ ಮುಚ್ಚಿರುವುದರಿಂದ ಅದು ಹುಳು ಬೀಳುವವರೆಗೂ ಗೊತ್ತಾಗುವುದಿಲ್ಲ.

ಮಾಂಸದ ಹಿಂಡಿಗೆ ಸಂಬಂಧಿಸಿದಂತೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಕೆಂಪು ಮರೆಮಾಡಲು ನೇರಳೆ ಬಣ್ಣದ ಜೆನ್ಷನ್ ವಯೊಲೆಟ್ ಹಚ್ಚುವುದು ಹಳೆಯ ಪದ್ಧತಿ, ಆದರೆ ತಿನ್ನುವ ಪ್ರಾಣಿಗಳಿಗೆ ಅದನ್ನು ಬಳಸುವುದು ಹಲವು ದೇಶಗಳಲ್ಲಿ ನಿಷಿದ್ಧ. ಪ್ರತಿಜೈವಿಕ ಔಷಧಿಗಳನ್ನು ಪಶುವೈದ್ಯರ ಸೂಚನೆಯಿಲ್ಲದೆ ಕೊಡಬೇಡಿ. ಕೊಟ್ಟರೆ ಕೊನೆಯ ಡೋಸಿನಿಂದ ಕೊಯ್ಯುವವರೆಗೆ ಎಷ್ಟು ದಿನ ಕಾಯಬೇಕೆಂಬುದನ್ನು ಬರೆದಿಟ್ಟುಕೊಂಡು ಪಾಲಿಸಿ. ಕೊಯ್ಯುವ ದಿನ ಹತ್ತಿರದಲ್ಲಿದ್ದು ಗಾಯ ದೊಡ್ಡದಾಗಿದ್ದರೆ, ನರಳಿಸುತ್ತ ಚಿಕಿತ್ಸೆ ಮಾಡುವುದಕ್ಕಿಂತ ಆ ಹಕ್ಕಿಯನ್ನು ಆಗಲೇ ಮುಗಿಸುವುದು ದಯೆಯ ಕೆಲಸವೆಂದು ನನ್ನ ಅಭಿಪ್ರಾಯ. ಗಾಯದಲ್ಲಿ ಕೀವು ತುಂಬಿದ್ದರೆ ಅದರ ಮಾಂಸವನ್ನು ಬಳಸಬಾರದು.

ಕೊಕ್ಕಿನ ತುದಿ ಕತ್ತರಿಸುವುದು, ಕೂಗದಂತೆ ಕುತ್ತಿಗೆಗೆ ಪಟ್ಟಿ ಬಿಗಿಯುವುದು, ತಲೆಕೆಳಗಾಗಿ ನೇತುಹಾಕಿ ‘ಪಾಠ ಕಲಿಸುವುದು’ ಇವು ನೋವನ್ನು ಕೊಡುತ್ತವೆಯೇ ಹೊರತು ಜಗಳದ ಕಾರಣವನ್ನು ಮುಟ್ಟುವುದಿಲ್ಲ. ಬೀಜ ತೆಗೆಯುವುದರಿಂದ ಹುಂಜ ಸೌಮ್ಯವಾಗುವುದು ನಿಜ. ಆದರೆ ಕೋಳಿಯ ವೃಷಣಗಳು ಹೊಟ್ಟೆಯೊಳಗೆ ಬೆನ್ನೆಲುಬಿಗೆ ಅಂಟಿಕೊಂಡಿರುವುದರಿಂದ ಪಕ್ಕೆಲುಬುಗಳ ನಡುವೆ ಕೊಯ್ದೇ ತೆಗೆಯಬೇಕು, ರಕ್ತಸ್ರಾವದಿಂದ ಸಾಯುವ ಅಪಾಯವಿದೆ, ಕೆಲವು ದೇಶಗಳು ಇದನ್ನು ನಿಷೇಧಿಸಿವೆ. ತಾನೇ ಮಾಡಿನೋಡುವ ಕೆಲಸ ಇದಲ್ಲ.

ಹಂತ 8: ಕೊಯ್ಲನ್ನು ತಂಡವಾಗಿ ಮಾಡಿ

ದಿನಕ್ಕೊಂದರಂತೆ ಹುಂಜಗಳನ್ನು ತೆಗೆಯುತ್ತ ಹೋದರೆ ಪ್ರತಿ ಸಲವೂ ಗುಂಪಿನ ಮೇಲು ಕೀಳಿನ ಕ್ರಮ ಕದಡುತ್ತದೆ. ಎರಡು, ಹೆಚ್ಚೆಂದರೆ ಮೂರು ತಂಡಗಳಲ್ಲಿ ಮುಗಿಸಬೇಕು. ಮೊದಲ ತಂಡದಲ್ಲಿ ಗುರುತು ಹಾಕಿದ ಪುಂಡರು ಹಾಗೂ ಈಗಾಗಲೇ ತೂಕ ತುಂಬಿದವು ಹೋಗಲಿ. ಉಳಿದವಕ್ಕೆ ಜಾಗವೂ ತೊಟ್ಟಿಯೂ ಹೆಚ್ಚುವುದರಿಂದ, ಅಲ್ಲಿಯವರೆಗೆ ಹಿಂದುಳಿದಿದ್ದ ಹಕ್ಕಿಗಳು ಮುಂದಿನ ಎರಡು ವಾರಗಳಲ್ಲಿ ಚೆನ್ನಾಗಿ ಮೈತುಂಬಿಕೊಳ್ಳುತ್ತವೆ. ಪ್ರಬುದ್ಧತೆಯ ಅಂಚು ದಾಟುವ ಮೊದಲು ಕೊಯ್ಯುವುದರಿಂದ ಮಾಂಸಕ್ಕೂ ಒಳ್ಳೆಯದು. ವಯಸ್ಸಾದಂತೆ ಸ್ನಾಯುವಿನ ಕೊಲಾಜೆನ್ ಗಟ್ಟಿಯಾಗಿ ಹೆಣೆದುಕೊಳ್ಳುವುದರಿಂದ ಹಳೆಯ ಹುಂಜದ ಮಾಂಸ ನಾರುನಾರಾಗಿ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಬೇಕಾಗುತ್ತದೆ.

ಕೊಯ್ಯುವ ಮೊದಲು 8ರಿಂದ 12 ಗಂಟೆ ಮೇವು ನಿಲ್ಲಿಸಿ, ನೀರು ಮಾತ್ರ ಕೊನೆಯವರೆಗೂ ಇರಲಿ. ಹಸಿದ ಹುಂಜಗಳು ಹೆಚ್ಚು ಕೆರಳುವುದರಿಂದ ಈ ಅವಧಿ ಆದಷ್ಟು ಕತ್ತಲಲ್ಲೇ ಕಳೆಯುವಂತೆ ನೋಡಿಕೊಳ್ಳಿ. ಹಿಡಿಯುವುದು ರಾತ್ರಿಯೇ, ಅಟ್ಟಾಡಿಸದೆ. ವೇಗದ ಬೆಳವಣಿಗೆಯ ಬ್ರಾಯ್ಲರ್‌ಗಳನ್ನು ಬಿಸಿಲಲ್ಲಿ ಅಟ್ಟಾಡಿಸಿದರೆ ಹೃದಯ ತಾಳಲಾರದೆ ಅಲ್ಲಿಯೇ ಸತ್ತುಬೀಳುವುದೂ ಉಂಟು. ಬೇರೆ ಬೇರೆ ಗುಂಪಿನ ಹುಂಜಗಳನ್ನು ಒಂದೇ ಬುಟ್ಟಿಗೆ ತುಂಬಬಾರದು. ಕೊಯ್ದು ಶುಚಿ ಮಾಡಿದ ಮಾಂಸವನ್ನು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿನ ಫ್ರಿಜ್ಜಿನಲ್ಲಿ ಒಂದೆರಡು ದಿನ ಇಟ್ಟರೆ ಬಿಗಿತ ಇಳಿದು ಮೃದುವಾಗುತ್ತದೆ.

ಗರಿ ಕಿತ್ತ ಮೇಲೆ ಪ್ರತಿ ಹಕ್ಕಿಯ ಎದೆ, ತೊಡೆ, ರೆಕ್ಕೆಗಳನ್ನು ಬೆಳಕಿಗೆ ಹಿಡಿದು ನೋಡಿ, ಕಂಡದ್ದನ್ನು ಕಾಲುಬಳೆಯ ಬಣ್ಣದೊಡನೆ ಬರೆದಿಡಿ. ಹಸಿ ಕೆಂಪಾಗಿರುವ ಪೆಟ್ಟಿನ ಗುರುತು ಹಿಡಿಯುವಾಗ ಆದದ್ದು. ಅದು ಹಲವು ಹಕ್ಕಿಗಳಲ್ಲಿದ್ದರೆ ಹಿಡಿಯುವ ವಿಧಾನ ಬದಲಾಗಬೇಕು. ಹಸಿರು ಛಾಯೆಗೆ ತಿರುಗಿದ್ದು ಒಂದು ದಿನವೋ ಅದಕ್ಕಿಂತಲೋ ಹಳೆಯದು, ಆವರಣದೊಳಗಿನ ಜಗಳದ್ದು. ಅಂಥ ಗುರುತು ಹೆಚ್ಚಿನವುಗಳಲ್ಲಿ ಕಂಡರೆ ಮುಂದಿನ ತಂಡದ ಮರಿ ತರುವ ದಿನ ಕ್ಯಾಲೆಂಡರಿನಲ್ಲಿ ಬೇರ್ಪಡಿಸುವ ವಾರವನ್ನೂ ಮೊದಲ ಕೊಯ್ಲಿನ ವಾರವನ್ನೂ ಒಂದೊಂದು ವಾರ ಹಿಂದಕ್ಕೆ ಗುರುತು ಹಾಕಿಕೊಳ್ಳಿ.